ಕೊನೆಯ ಅಚ್ಚು ಕೊಡುವವರದ್ದು

ನಮ್ಮ ಅಕ್ಕನಿಗೆ ಕೋಪ ಬಂದರೆ ಕೂಗಾಡುವುದಿಲ್ಲ, ಚಾಕು ಮಸೆಯುತ್ತಾರೆ. ಗಾಬರಿಯಾಗಬೇಡಿ. ಅದು ಕಿರುಬೆರಳಿನಷ್ಟು ಉದ್ದದ ಚಾಕು, ರಬ್ಬರ್ ಕೆತ್ತುವುದಕ್ಕೆ ಇರುವುದು. ಅಡುಗೆಮನೆಯ ಪಕ್ಕದ ಕೋಣೆಯಿಂದ ಸರ್ ಸರ್ ಎಂದು ಸದ್ದು ಬಂತೆಂದರೆ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಾರೆ. ನನ್ನದು ಹಾಗಲ್ಲ. ನನಗೆ ಕೋಪ ಬಂದರೆ ಬೀದಿಯ ಆ ತುದಿಯವರಿಗೂ ಗೊತ್ತಾಗುತ್ತದೆ. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ ಅನ್ನಿ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ಓರಗಿತ್ತಿಯರು ಹೊಂದಿಕೊಂಡು ಇರುವುದುಂಟೇ ಎಂದು ನನ್ನ ಮದುವೆಯಲ್ಲಿ ಚಿಕ್ಕಮ್ಮ ಮೂಗು ಮುರಿದಿದ್ದಳು. ನಾವೇನೂ ಹೊಂದಿಕೊಂಡಿಲ್ಲ. ದಿನಾ ಒಂದಲ್ಲ ಒಂದಕ್ಕೆ ಜಟಾಪಟಿ ಇದ್ದೇ ಇರುತ್ತದೆ. ಆದರೆ ಅವರು ಊರಲ್ಲಿಲ್ಲದ ದಿನ ನನಗೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಅವರ ಮುಂದೆ ಮಾತ್ರ ಹೇಳುವುದಿಲ್ಲ, ತಲೆಯ ಮೇಲೆ ಕೂತುಬಿಡುತ್ತಾರೆ.

ಅಕ್ಕನ ಕಸುಬು ರಬ್ಬರ್ ಸೀಲು ಕೆತ್ತುವುದು. ಕಚೇರಿಗಳ ಸಾಲಿನ ಹಿಂದುಗಡೆ ಮೆಟ್ಟಿಲಿನ ಕೆಳಗೆ ಒಂದು ಅಂಗಡಿ ಇತ್ತು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು. ಗಾಜು ಹಾಸಿದ ಮೇಜು, ಕತ್ತು ಬಗ್ಗಿದ ದೀಪ, ಒಂದು ಸ್ಟೂಲು. ಮದುವೆಗೆ ಮುಂಚಿನಿಂದಲೂ ಆ ಸ್ಟೂಲಿನ ಮೇಲೆ ಕೂತು 'ಸ್ವೀಕರಿಸಲಾಗಿದೆ', 'ತಿರಸ್ಕರಿಸಲಾಗಿದೆ', 'ರದ್ದು' ಎಂದು ಕೆತ್ತಿದವರು ಅವರು. ಎಲ್ಲವನ್ನೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುವುಮುರುವಾಗಿ ಕೆತ್ತಬೇಕು. ಅಭ್ಯಾಸಬಲದಿಂದ ಅವರಿಗೆ ನೇರ ಓದುವುದಕ್ಕಿಂತ ಉಲ್ಟಾ ಓದುವುದೇ ಸಲೀಸು. "ನಾನು ಹೇಳಿದ್ದೆಲ್ಲ ಇವಳಿಗೆ ಉಲ್ಟಾ ಕೇಳ್ಸೋದು ಅದಕ್ಕೇ," ಎಂದು ಭಾವ ಆಗಾಗ ಹೇಳಿ, ತಾವೇ ನಗುತ್ತಾರೆ.

ಆಮೇಲೆ ಅಕ್ಷರ ಕೂರಿಸಿದರೆ ತಾನೇ ಸುಟ್ಟು ಕೆತ್ತುವ ಯಂತ್ರ ಬಂತು. ಅಂಗಡಿಯ ಯಜಮಾನರು ಒಳ್ಳೆಯವರೇ. ಇನ್ನು ಕೈಕೆಲಸ ಬೇಡಮ್ಮಾ ಎಂದು ಹೇಳುವುದನ್ನೇ ಎಷ್ಟೋ ದಿನ ಮುಂದೂಡಿದ್ದರಂತೆ. ಅಕ್ಕ ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಒಂದು ಚೀಲ ರಬ್ಬರ್ ಚೂರು ಹಿಡಿದುಕೊಂಡು ಮನೆಗೆ ಬಂದರು. ಬಂದವರು ಕೈ ಕಟ್ಟಿ ಕೂತರು. ಎಷ್ಟೋ ದಿನ ಹಾಗೇ. ಅಷ್ಟು ಚುರುಕಾದ ಹೆಂಗಸು ಗೋಡೆ ನೋಡುತ್ತಾ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ಬೈದೆ, ರಮಿಸಿದೆ, ಮತ್ತೆ ಬೈದೆ. ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ನಾನು ಕಾಗದದ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ದಪ್ಪ ಹಾಳೆಗಳನ್ನು ಅಳತೆಗೆ ಕತ್ತರಿಸಿದಾಗ ಉಳಿಯುವ ಅಂಚುಗಳನ್ನು ಒಲೆ ಹಚ್ಚುವುದಕ್ಕೆ ಆಗುತ್ತದೆ ಎಂದು ತರುತ್ತಿದ್ದೆ. ಒಂದು ಸಂಜೆ ಬಂದು ನೋಡುತ್ತೇನೆ, ಅಂಚುಗಳ ಕಟ್ಟು ಬಿಚ್ಚಿದೆ. ಅಕ್ಕ ಒಂದು ಚೂರು ರಬ್ಬರಿನಲ್ಲಿ ಎಲೆ ಕೆತ್ತಿದ್ದಾರೆ. ಒಂದೇ ಎಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಒತ್ತಿ ಒತ್ತಿ, ಕಾಗದದ ಮೇಲೆ ಒಂದು ಇಡೀ ರೆಂಬೆ ಎದ್ದಿದೆ.

"ಇಷ್ಟು ವರ್ಷ ಅಕ್ಷರ ಬಿಟ್ಟು ಬೇರೇನೂ ಕೆತ್ತಿರ್ಲಿಲ್ಲ ಕಣೇ," ಎಂದರು ತಲೆ ಎತ್ತದೆ. "ನೋಡು, ಇದು ಎಲೆ. ಇದು ಯಾರನ್ನೂ ತಿರಸ್ಕರಿಸೋದಿಲ್ಲ."

ಶುಭಾಶಯದ ಕಾರ್ಡು ಶುರುವಾದದ್ದು ಹಾಗೆ. ಎಲೆ ಆಯಿತು, ಕಿಟಕಿ ಆಯಿತು, ಕುಂಡ, ಏಣಿ, ಛತ್ರಿ, ಬಾಗಿಲ ಚಿಲಕ. ನನ್ನ ಅಂಗಡಿಯಲ್ಲಿ ಇಟ್ಟೆ, ಜನ ಕೇಳಿಕೊಂಡು ಮನೆಗೇ ಬರತೊಡಗಿದರು. ಆದರೆ ನಿಜವಾಗಿ ಬದಲಾದದ್ದು ಅಕ್ಕ. ಮೊದಲೆಲ್ಲ ದಾರಿಯಲ್ಲಿ ತಲೆ ತಗ್ಗಿಸಿ ಸರಸರ ನಡೆಯುತ್ತಿದ್ದವರು ಈಗ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಮೋರಿಯ ಅಂಚಿನಲ್ಲಿ ಹುಟ್ಟಿದ ಕಳೆಯನ್ನು ನೋಡುತ್ತಾರೆ. ಯಾರದೋ ಮನೆಯ ಗ್ರಿಲ್ಲಿನ ಸುರುಳಿ ನೋಡುತ್ತಾರೆ. ಒಳಗಿನಿಂದ ಯಾರಾದರೂ "ಏನ್ ಬೇಕಿತ್ತು?" ಎಂದರೆ "ಏನೂ ಇಲ್ಲ, ನಿಮ್ಮ ಗ್ರಿಲ್ಲು" ಎನ್ನುತ್ತಾರೆ. ಅವರ ಜೊತೆ ತರಕಾರಿಗೆ ಹೋದರೆ ತರಕಾರಿ ಬಾಡಿದ ಮೇಲೇ ಮನೆ ಸೇರುವುದು. ಕೆಲಸ ಹೋದ ಮೇಲೆ ಕಣ್ಣು ಬಂತು ನನಗೆ, ಎಂದು ಅವರೇ ಒಮ್ಮೆ ಅಂದರು. ಇರಬಹುದು.

ಇನ್ನು ಅವರ ಕಟ್ಟಳೆಯ ವಿಷಯ ಹೇಳಲೇಬೇಕು, ಏಕೆಂದರೆ ಎಲ್ಲ ರಾಮಾಯಣವೂ ಅದರಿಂದಲೇ ಆಯಿತು. ಕಾರ್ಡಿನ ಮೇಲೆ ಎಲ್ಲ ಅಚ್ಚನ್ನೂ ಅಕ್ಕ ಒತ್ತುತ್ತಾರೆ, ಕೊನೆಯದೊಂದನ್ನು ಬಿಟ್ಟು. ಕೊನೆಯದನ್ನು ಕಾರ್ಡು ಕೊಡುವವರೇ ತಮ್ಮ ಕೈಯಾರೆ ಒತ್ತಬೇಕು. ಇದಕ್ಕೆ ತಪ್ಪಿದರೆ ಕಾರ್ಡು ಇಲ್ಲ. "ಸೀಲು ಕೆತ್ತೋದು ನಾನು, ಒತ್ತೋದು ಅಧಿಕಾರ ಇರೋರು. ಅಲ್ವೇನೇ? ಇವರ ಗಂಡನಿಗೆ, ಅವರ ತಾಯಿಗೆ ಪ್ರೀತಿ ಹೇಳೋ ಅಧಿಕಾರ ನನಗೆಲ್ಲಿದೆ?" ಎಂದು ಅವರ ವಾದ. ಕೇಳುವುದಕ್ಕೆ ಚೆಂದ. ಆದರೆ ಬಂದ ಜನ ಒತ್ತುವುದನ್ನು ನೀವು ನೋಡಬೇಕಿತ್ತು! ಒಬ್ಬರು ಶಾಯಿ ಕಾರುವಂತೆ ಒತ್ತುತ್ತಾರೆ, ಇನ್ನೊಬ್ಬರು ಅಚ್ಚನ್ನು ಜಾರಿಸಿ ಹೂವಿಗೆ ಬಾಲ ಬರಿಸುತ್ತಾರೆ. ಅಚ್ಚು ಸೊಟ್ಟಗಾದರೆ ಅಕ್ಕ ಕಾರ್ಡನ್ನು ಅವರ ಕೈಯಿಂದ ಮೆಲ್ಲಗೆ ಎಳೆದುಕೊಂಡು, ಹರಿದು, ಮೇಜಿನ ಕೆಳಗಿನ ಬುಟ್ಟಿಗೆ ಹಾಕಿ, "ಇನ್ನೊಂದು ಸಲ ಒತ್ತಿ" ಎನ್ನುತ್ತಿದ್ದರು. ಸರಿಯಾಗಿ ಬರುವವರೆಗೆ ಬಿಡುತ್ತಿರಲಿಲ್ಲ. ಸೀಲಿನ ಅಂಗಡಿಯ ಶಿಸ್ತು, ಎಲ್ಲಿ ಹೋಗುತ್ತದೆ? ಹಾಳಾಗುವುದು ನಾನು ತಂದ ಕಾಗದ. ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಮೂರು ರಸ್ತೆ ಕೂಡುವಲ್ಲಿ ಬೀಗದ ಅಂಗಡಿ ಇಟ್ಟುಕೊಂಡವರೊಬ್ಬರಿದ್ದಾರೆ. ನಾವು ಬೀಗದವರು ಎನ್ನುತ್ತೇವೆ. ನಮ್ಮ ಬೀದಿಯ ಎಲ್ಲ ಮನೆಯ ಬೀಗದ ಕೈಯೂ ಒಂದಲ್ಲ ಒಂದು ಸಲ ಅವರ ಕೈಯಲ್ಲಿ ಹುಟ್ಟಿದ್ದೇ. ಅವರು ಕೆಲವು ವರ್ಷದ ಹಿಂದೆ ತಮ್ಮ ಮದುವೆಯ ದಿನಕ್ಕೆಂದು ಅಕ್ಕನ ಹತ್ತಿರ ಕಾರ್ಡು ಮಾಡಿಸಿದ್ದರು. ಹೆಂಡತಿಗೆ ಏನು ಇಷ್ಟ ಎಂದು ಅಕ್ಕ ಕೇಳಿದಾಗ, "ಕಿಟಕಿ ಹತ್ರ ಒಂದು ಹಕ್ಕಿ ಬರುತ್ತೆ, ದಿನಾ ಅದಕ್ಕೆ ಬೈತಾಳೆ, ದಿನಾ ಅದಕ್ಕೆ ಕಾಳು ಹಾಕ್ತಾಳೆ" ಎಂದಿದ್ದರಂತೆ. ಅಕ್ಕ ಕಿಟಕಿ, ಕುಂಡ ಒತ್ತಿಕೊಟ್ಟರು. ಕೊನೆಯ ಅಚ್ಚು ಹಕ್ಕಿ. ಅಷ್ಟು ವಯಸ್ಸಿನ ಗಂಡಸಿಗೆ ಹೆಂಡತಿಗೆ ಕಾರ್ಡು ಕೊಡುವುದೆಂದರೆ ನಾಚಿಕೆ. ಹೆಗಲಿನ ಚೀಲವನ್ನೂ ಇಳಿಸದೆ, ನಿಂತುಕೊಂಡೇ, ಮುಖ ಆ ಕಡೆ ಮಾಡಿ ಒಂದು ಸಲ ಒತ್ತಿ, ಅಕ್ಕ ನೋಡುವ ಮೊದಲೇ ಕಾರ್ಡನ್ನು ಚೀಲಕ್ಕೆ ತುರುಕಿಕೊಂಡು ಓಡಿದ್ದರು. ನಾವಿಬ್ಬರೂ ಆವತ್ತು ಬಿದ್ದು ಬಿದ್ದು ನಕ್ಕಿದ್ದೆವು.

ಹೋದ ವರ್ಷ ಅವರು ಮತ್ತೆ ಬಂದರು. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು.

"ಅಮ್ಮಾ, ಒಂದು ಡೂಪ್ಲಿಕೇಟ್ ಬೇಕಾಗಿತ್ತು," ಎಂದರು.

"ಅದು ನಿಮ್ಮ ಅಂಗಡೀಲಿ ಸಿಗೋದಲ್ವಾ?" ಎಂದೆ ನಾನು. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಅವರು ನಗಲಿಲ್ಲ. ಅದೇ ಹಕ್ಕಿಯ ಕಾರ್ಡು ಇನ್ನೊಂದು ಬೇಕು ಎಂದರು. ಹಳೆಯದನ್ನು ಅವರ ಹೆಂಡತಿ ದಿಂಬಿನ ಚೀಲದೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಗೊತ್ತಿಲ್ಲದೆ ಇವರೇ ಚೀಲವನ್ನು ಒಗೆಯುವುದಕ್ಕೆ ಹಾಕಿದ್ದಾರೆ. ಹಿಂಡುವಾಗ ಕೈಗೆ ಸಿಕ್ಕಿದ್ದು ಬರೀ ಕಾಗದದ ಮುದ್ದೆ.

ಅಕ್ಕ ಬಿಸ್ಕತ್ತಿನ ಡಬ್ಬಿ ತೆಗೆದರು. ಅವರು ಕೆತ್ತಿದ ಯಾವ ಅಚ್ಚನ್ನೂ ಎಸೆಯುವವರಲ್ಲ. ಹಕ್ಕಿ ಸಿಕ್ಕಿತು. ಕಿಟಕಿ, ಕುಂಡ ಒತ್ತಿ ಕಾರ್ಡು ಸಿದ್ಧ ಮಾಡಿ, ಹಕ್ಕಿಯನ್ನು ಬೀಗದವರ ಕೈಗೆ ಕೊಟ್ಟರು. ಅವರು ಈ ಸಲ ಚೀಲ ಇಳಿಸಿ, ಕುರ್ಚಿಯಲ್ಲಿ ಕೂತು, ಉಸಿರು ಬಿಗಿಹಿಡಿದು ಒತ್ತಿದರು. ಚೊಕ್ಕವಾಗಿ ಬಂತು. ಅಕ್ಕ "ಭೇಷ್" ಎಂದರು.

ಬೀಗದವರು ಕಾರ್ಡನ್ನು ದಿಟ್ಟಿಸಿ ನೋಡಿ, "ಇದಲ್ಲಮ್ಮಾ. ಇದಕ್ಕೆ ಎರಡು ಕಾಲಿದೆ," ಎಂದರು.

"ಹಕ್ಕಿಗೆ ಇನ್ನೆಷ್ಟಿರುತ್ತೆ?"

"ನಮ್ಮದಕ್ಕೆ ಒಂದೇ ಕಾಲು."

ಅಕ್ಕನ ಮುಖ ಗಂಟಿಕ್ಕಿತು. "ನನ್ನ ಕೈಯಲ್ಲಿ ಒಂಟಿ ಕಾಲಿನ ಹಕ್ಕೀನಾ? ನೋಡ್ರೀ, ಇಲ್ಲೇ ಇದೆಯಲ್ಲ ಅಚ್ಚು. ಎರಡೂ ಕಾಲು ಕೆತ್ತಿದೀನಿ. ಬೆರಳು ಸಮೇತ!" ಎಂದು ಹೇಳಿ ಚಾಕು ಮತ್ತು ಮಸೆಗಲ್ಲು ಎರಡನ್ನೂ ಹತ್ತಿರಕ್ಕೆ ಎಳೆದುಕೊಂಡರು. ಸರ್ ಸರ್ ಶುರುವಾಯಿತು. ಪಾಪ, ಅದರ ಅರ್ಥ ಬೀಗದವರಿಗೆ ಗೊತ್ತಿಲ್ಲ.

ನನಗೆ ಆಗ ಹೊಳೆಯಿತು. "ಅಕ್ಕ, ಕೊನೆಯ ಅಚ್ಚು ಒತ್ತಿದ್ದು ಯಾರು?" ಎಂದೆ.

ಅಚ್ಚನ್ನು ತಿರುಗಿಸಿ ನೋಡಿದೆವು. ಬಲಗಾಲು ರಬ್ಬರಿನ ಅಂಚಿನಲ್ಲೇ ಇದೆ, ಕಡ್ಡಿಯಷ್ಟು ಸಣ್ಣದು. ಕೈ ಒಂದಿಷ್ಟು ವಾಲಿದರೂ ಅದು ಕಾಗದಕ್ಕೆ ತಾಗುವುದಿಲ್ಲ. ಆವತ್ತು ಮುಖ ತಿರುಗಿಸಿಕೊಂಡು ಒತ್ತಿದವರು ಇವರು. ಹಕ್ಕಿಯ ಕಾಲು ನುಂಗಿದ್ದು ಇವರ ನಾಚಿಕೆ.

"ಹೋಗ್ಲಿ ಬಿಡಿ, ಈಗ ಎರಡು ಕಾಲಿನದು ಬಂತಲ್ಲ. ಇನ್ನೂ ಚೆನ್ನಾಗಿದೆ," ಎಂದರು ಅಕ್ಕ.

ಬೀಗದವರು ತಲೆಯ ಟೋಪಿ ತೆಗೆದು, ಅದರ ಅಂಚು ತಿರುವುತ್ತಾ ಹೇಳಿದರು. ಅವರ ಹೆಂಡತಿಗೆ ನೆನಪು ಹೋಗುತ್ತಿದೆ. ಮೊದಲು ಹೆಸರುಗಳು ಹೋದವು, ಆಮೇಲೆ ಮನೆಯ ದಾರಿ, ಈಗ ಗಂಡನೂ ಹೋಗಿದ್ದಾನೆ. ಒಬ್ಬರನ್ನೇ ಬಿಡುವ ಹಾಗಿಲ್ಲ, ಅದಕ್ಕೇ ಅಂಗಡಿಯಲ್ಲೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಈವತ್ತು ಪಕ್ಕದ ಚಪ್ಪಲಿ ಹೊಲಿಯುವವರಿಗೆ ನೋಡಿಕೊಳ್ಳಿ ಎಂದು ಹೇಳಿ ಓಡಿ ಬಂದಿದ್ದಾರೆ.

"ನನ್ನನ್ನ 'ಅಣ್ಣಾ' ಅಂತಾಳಮ್ಮಾ," ಎಂದರು. "'ಅಣ್ಣಾ, ನಮ್ಮ ಮನೆಯವರು ಇನ್ನೂ ಬರ್ಲಿಲ್ವಾ?' ಅಂತ ನನ್ನನ್ನೇ ಕೇಳ್ತಾಳೆ. ಬರ್ತಾರೆ ಕೂತ್ಕೊಳ್ಳಿ ಅಂತೀನಿ. ಇನ್ನೇನ್ ಹೇಳ್ಲಿ? ಆದರೆ ಆ ಕಾರ್ಡು ಕೈಗೆ ಕೊಟ್ಟರೆ ಸಾಕು, ಹಕ್ಕಿ ನೋಡಿ, 'ಅಯ್ಯೋ, ಇನ್ನೊಂದು ಕಾಲೆಲ್ಲಿ?' ಅನ್ನೋಳು. ಮೊದಲ ಸಲ ಕೊಟ್ಟಾಗಲೂ ಹಾಗೇ ಕೇಳಿದ್ಲು. ನಾನು, 'ಯಾರದೋ ಮನೆ ಬೀಗ ತೆಗೆಯೋಕೆ ಹೋಗಿದೆ, ಈಗ ಬರುತ್ತೆ' ಅಂತಿದ್ದೆ. ಹೊಟ್ಟೆ ಹಿಡ್ಕೊಂಡು ನಗೋಳು. ನಗ್ತಾ ನಗ್ತಾ ನನ್ನ ಮುಖ ನೋಡಿ 'ರೀ' ಅನ್ನೋಳು. ಒಂದೇ ಸಲ. ಆಮೇಲೆ ಮತ್ತೆ ಮರೆತುಹೋಗ್ತಿತ್ತು. ದಿನಾ ಬೆಳಿಗ್ಗೆ ಆ ಒಂದು 'ರೀ' ಸಿಕ್ತಿತ್ತು ನನಗೆ. ಕಾರ್ಡು ಹೋದ ಮೇಲೆ ಅದೂ ಇಲ್ಲ."

ಮಸೆಗಲ್ಲಿನ ಸದ್ದು ಯಾವಾಗಲೋ ನಿಂತಿತ್ತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಪಾತ್ರೆ ತೊಳೆದು ಬಂದೆ.

ವಾಪಸು ಬಂದಾಗ ಅಕ್ಕ ಕಾಗದದ ಅಂಚುಗಳನ್ನು ಬೀಗದವರ ಮುಂದೆ ಹರಡಿದ್ದರು. "ಮೊದಲ ಸಲ ಹೇಗೆ ಒತ್ತಿದ್ರೋ ಹಾಗೇ ಒತ್ತಿ," ಎನ್ನುತ್ತಿದ್ದರು. ಒತ್ತಿದರು. ಎರಡು ಕಾಲು. ಮತ್ತೆ ಒತ್ತಿದರು. ಎರಡೇ ಕಾಲು. ಎದ್ದು ನಿಂತು ಒತ್ತಿದರು, ಚೀಲ ಹೆಗಲಿಗೆ ಹಾಕಿಕೊಂಡು ಒತ್ತಿದರು, ನಾನು ಹೇಳಿದೆನೆಂದು ಕಣ್ಣು ಮುಚ್ಚಿಕೊಂಡೂ ಒತ್ತಿದರು. ವಾಲಿಸಲು ಹೋದರೆ ಅಚ್ಚು ಜಾರಿ ಹಕ್ಕಿ ಮಸಿಯ ಮುದ್ದೆಯಾಗುತ್ತಿತ್ತು. ಜಾರದೆ ಬಂದರೆ ಎರಡೂ ಕಾಲು ಗಟ್ಟಿಯಾಗಿ ಊರಿಕೊಂಡು ನಮ್ಮನ್ನೇ ನೋಡುತ್ತಿತ್ತು. ಬೀಗದ ಕೈಗೆ ಅರ ಉಜ್ಜಿ ಉಜ್ಜಿ ಹದಗೊಂಡ ಕೈ ಅದು, ಬೇಕೆಂದಾಗ ತಪ್ಪು ಮಾಡುತ್ತದೆಯೇ?

"ಆವತ್ತು ನಾಚಿಕೆಯಾಗಿತ್ತು," ಎಂದರು ಬೀಗದವರು ಹಣೆ ಒರೆಸಿಕೊಳ್ಳುತ್ತಾ. "ಈಗ ನಾಚಿಕೆ ಎಲ್ಲಿಂದ ತರ್ಲಿ?"

ಆಗ ನಾನು, ಆ ಕಾಲನ್ನು ಅಚ್ಚಿನಿಂದಲೇ ಕತ್ತರಿಸಿ ಹಾಕಿ ಎಂದೆ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಇನ್ನೊಬ್ಬಳಾಗಿದ್ದರೆ ತವರಿಗೆ ಹೋಗಿಬಿಡುತ್ತಿದ್ದಳು. ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ಅಚ್ಚಿಗೆ ಶಾಯಿ ಹಚ್ಚಿ, ಬಲಗಾಲಿನ ಮೇಲಿನ ಶಾಯಿಯನ್ನಷ್ಟೇ ಬಟ್ಟೆಯ ತುದಿಯಿಂದ ನಾಜೂಕಾಗಿ ಒರೆಸಿ, ಬೀಗದವರ ಕೈಯಲ್ಲಿ ಒತ್ತಿಸಿದರು. ಒಂದೇ ಕಾಲಿನ ಹಕ್ಕಿ ಬಂತು. ಬೀಗದವರು ಕಾರ್ಡನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋದರು.

ಮರುದಿನ ಕೆಲಸದಿಂದ ಬರುತ್ತಾ ಅವರ ಅಂಗಡಿಯ ಮುಂದೆ ನಿಂತೆ. ಯಾವಾಗಲೂ ಕಿರ್ ಎಂದು ಕಿರುಚುವ ಯಂತ್ರ ಸುಮ್ಮನಿತ್ತು. ಹೇಗಾಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬೀಗದವರು ತುಟಿಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಬಂದರು.

"ನಗಲಿಲ್ಲಮ್ಮಾ," ಎಂದು ಪಿಸುಗುಟ್ಟಿದರು. "'ಹಕ್ಕಿ ಕಾಲು ಮಡಿಸ್ಕೊಂಡು ಮಲಗಿದೆ ಅಣ್ಣಾ, ಸದ್ದು ಮಾಡ್ಬೇಡಿ' ಅಂದ್ಲು. ಬೆಳಗ್ಗೆಯಿಂದ ಮಿಷನ್ ಹಾಕಿಲ್ಲ. ಬಂದವರನ್ನೆಲ್ಲ ನಾಳೆ ಬನ್ನಿ ಅಂತ ಕಳಿಸಿದೀನಿ."

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವರು ಚಾಕು ಮಸೆಯಲು ಕೂತರು, ಬಹಳ ಹೊತ್ತು ಮಸೆದರು. ಈ ಸಲ ಕೋಪ ಯಾರ ಮೇಲೆ ಎಂದು ಕೇಳಿದೆ. "ನನ್ನ ಕೈ ಮೇಲೆ," ಎಂದರು. "ಕಾಲನ್ನ ಅಷ್ಟು ಚೊಕ್ಕವಾಗಿ ಯಾಕೆ ಒರೆಸಿದೆ ನಾನು? ಇಲ್ಲದ ಕಾಲು ಇಲ್ಲ ಅಂತ ಕಾಣ್ಬೇಕಿತ್ತು. ನಾನು ಮಾಡಿದ್ದು ಒಂದೇ ಕಾಲಲ್ಲಿ ನಿಂತ ಹಕ್ಕಿ. ಅದರಲ್ಲಿ ಕೇಳೋದಕ್ಕೇನಿದೆ?"

ರಜೆಯ ದಿನ ಅಕ್ಕ ಬೆಳಿಗ್ಗೆಯೇ ಡಬ್ಬಿ ಹಿಡಿದು ಹೊರಟರು. ಇಂಕ್ ಪ್ಯಾಡು, ಕಾರ್ಡುಗಳನ್ನು ನನ್ನ ತಲೆಗೆ ಕಟ್ಟಿದರು. ಎಲ್ಲಿಗೆ, ಏನು, ಒಂದೂ ಹೇಳಲಿಲ್ಲ. ಆಶ್ಚರ್ಯವೆಂದರೆ ದಾರಿಯಲ್ಲಿ ಯಾವ ಗ್ರಿಲ್ಲಿನ ಮುಂದೆಯೂ ನಿಲ್ಲಲಿಲ್ಲ.

ಬೀಗದ ಅಂಗಡಿ ಎಂದರೆ ಒಂದು ಬೀರುವಿನಷ್ಟು ಅಗಲ. ಮೂರು ಗೋಡೆಗೂ ಮೊಳೆ, ಮೊಳೆಗೆಲ್ಲ ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳ ಗೊಂಚಲು. ನೆಲದ ಮೇಲೆ ಹಿತ್ತಾಳೆಯ ಪುಡಿ. ಒಳಗಿನ ಮೂಲೆಯಲ್ಲಿ ಕೈಯಿರುವ ಕುರ್ಚಿ, ಅದರಲ್ಲಿ ಶಾಲು ಹೊದ್ದುಕೊಂಡ ಆ ತಾಯಿ. ತೆಳ್ಳಗೆ, ತಲೆ ನೀಟಾಗಿ ಬಾಚಿತ್ತು. ಬಾಚಿದ್ದು ಯಾರೆಂದು ಬೈತಲೆ ನೋಡಿದರೇ ತಿಳಿಯುತ್ತಿತ್ತು, ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರವಾಗಿತ್ತು. ಅವರ ಕೈ ಮಾತ್ರ ಸುಮ್ಮನಿರಲಿಲ್ಲ. ಬೆರಳುಗಳು ಶಾಲಿನ ಅಂಚನ್ನು ಹಿಡಿದು, ಎತ್ತಿ, ಎಳೆದು, ಮತ್ತೆ ಹಿಡಿಯುತ್ತಿದ್ದವು.

"ಬಟ್ಟೆ ಕಾರ್ಖಾನೇಲಿ ಗುಂಡಿ ಹೊಲೀತಿದ್ಲು," ಎಂದರು ಬೀಗದವರು. "ಕೈ ಇನ್ನೂ ಹೊಲೀತಾನೇ ಇದೆ."

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದರು ಆ ತಾಯಿ ನಮ್ಮನ್ನು ಕಂಡು, ಕೂರುವುದಕ್ಕೆ ಜಾಗವೇ ಇಲ್ಲದ ಅಂಗಡಿಯಲ್ಲಿ. "ಈ ಅಣ್ಣ ತುಂಬಾ ಒಳ್ಳೆಯವರು. ನಮ್ಮ ಮನೆಯವರು ಬರೋ ತನಕ ಕೂತಿರಿ ಅಂದಿದ್ದಾರೆ."

ಬೀಗದವರು ಅರವನ್ನು ಕೈಗೆ ತೆಗೆದುಕೊಂಡು, ಯಾವುದೋ ಬೀಗದ ಕೈಯನ್ನು ಸುಮ್ಮನೆ ಉಜ್ಜತೊಡಗಿದರು.

ಅಕ್ಕ ಆ ತಾಯಿಯ ಮುಂದೆ ನೆಲದ ಮೇಲೇ ಕೂತುಬಿಟ್ಟರು, ಹಿತ್ತಾಳೆ ಪುಡಿಯ ಮೇಲೆ. ಡಬ್ಬಿಯ ಮುಚ್ಚಳವನ್ನು ಆ ತಾಯಿಯ ಮಡಿಲಿನಲ್ಲಿ ಮಣೆಯ ಹಾಗೆ ಇಟ್ಟು, ಕಿಟಕಿ ಕುಂಡ ಒತ್ತಿದ ಕಾರ್ಡನ್ನು ಅದರ ಮೇಲಿಟ್ಟರು. ಹಕ್ಕಿಯ ಅಚ್ಚಿಗೆ ಶಾಯಿ ಹಚ್ಚಿದರು. ಎರಡೂ ಕಾಲಿಗೆ ಹಚ್ಚಿದರು, ಏನನ್ನೂ ಒರೆಸಲಿಲ್ಲ. ಆಮೇಲೆ ಶಾಲಿನ ಅಂಚನ್ನು ಆ ಬೆರಳುಗಳಿಂದ ಬಿಡಿಸಿ, ಅದರ ಜಾಗದಲ್ಲಿ ಅಚ್ಚನ್ನು ಇಟ್ಟರು.

ನಾನು ಅಕ್ಕನ ಕಿವಿಯ ಹತ್ತಿರ ಬಗ್ಗಿ, "ಅಕ್ಕ, ಕೊನೆಯ ಅಚ್ಚು ಕೊಡೋರು ಒತ್ತಬೇಕು ಅಂತ ನೀವೇ ಅಲ್ವಾ ಹೇಳೋದು? ಇವರು ತಗೊಳ್ಳೋರು," ಎಂದೆ.

"ಬಾಯಿಗೆ ಬೀಗ ಹಾಕ್ಕೋ," ಎಂದರು ಅಕ್ಕ. "ಬೇಕಾದಷ್ಟಿದೆ ಇಲ್ಲಿ."

ಆ ತಾಯಿ ಅಚ್ಚನ್ನು ತಿರುಗಿಸಿ ನೋಡಿದರು. ಗುಂಡಿಯನ್ನು ಹಿಡಿಯುವ ಹಾಗೆ ಎರಡೇ ಬೆರಳಿನಲ್ಲಿ ಹಿಡಿದರು. ನಮ್ಮ ಯಾರ ಕಡೆಗೂ ನೋಡದೆ, ಅಚ್ಚನ್ನು ಕಾರ್ಡಿನ ಮೇಲೆ ಇಟ್ಟು, ಹೆಬ್ಬೆರಳಿನಿಂದ ಒಂದು ಪಕ್ಕಕ್ಕೆ ಮೆಲ್ಲಗೆ ಒತ್ತಿ, ಎತ್ತಿದರು.

ಹಕ್ಕಿ ಬಂತು. ಕೊಕ್ಕು ಕಪ್ಪಗೆ, ರೆಕ್ಕೆ ಅರ್ಧ ಮಾಸಲು, ಎಡಗಾಲು ಇದೆ, ಬಲಗಾಲು ಇಲ್ಲ. ಇರಬೇಕಾದ ಜಾಗದಲ್ಲಿ ಕೂದಲೆಳೆಯಷ್ಟು ಗುರುತು, ಅಷ್ಟೇ. ನಮ್ಮ ಮನೆಯ ಮೇಜಿನ ಮೇಲಾಗಿದ್ದರೆ ಅಕ್ಕ ಅದನ್ನು ಕಣ್ಣು ಮುಚ್ಚಿ ಹರಿದು ಬುಟ್ಟಿಗೆ ಹಾಕುತ್ತಿದ್ದರು.

ಆ ತಾಯಿ ನೋಡಿದರು. ಹತ್ತಿರ ಹಿಡಿದು ನೋಡಿದರು.

"ಅಯ್ಯೋ," ಎಂದರು. "ಇನ್ನೊಂದು ಕಾಲೆಲ್ಲಿ?"

ಅರದ ಸದ್ದು ನಿಂತಿತು. ನಾವು ಬೀಗದವರ ಕಡೆ ನೋಡಿದೆವು. ಆ ಮನುಷ್ಯ ಬಾಯಿ ತೆರೆದಿದ್ದಾರೆ, ಮಾತೇ ಹೊರಡುತ್ತಿಲ್ಲ. ಆ ತಾಯಿಯ ಕಣ್ಣು ಕಾರ್ಡಿನಿಂದ ಆಚೆ ಜಾರುತ್ತಿದೆ, ಇನ್ನೇನು ಬೆರಳುಗಳು ಶಾಲು ಹುಡುಕಬೇಕು.

"ಹೇಳ್ರೀ!" ಎಂದು ಕೂಗಿದೆ. ಪಕ್ಕದ ಚಪ್ಪಲಿ ಹೊಲಿಯುವವರೂ ಬೆಚ್ಚಿ ಇಣುಕಿದರು.

"ಯಾರದೋ... ಯಾರದೋ ಮನೆ ಬೀಗ ತೆಗೆಯೋಕೆ ಹೋಗಿದೆ," ಎಂದರು ಬೀಗದವರು. "ಈಗ ಬರುತ್ತೆ."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ತಾಯಿಯ ಭುಜ ಕುಲುಕಿತು. ನಗು ಎಲ್ಲಿತ್ತೋ ಏನೋ, ಸಣ್ಣಗೆ ಶುರುವಾಗಿ, ಕೆಮ್ಮು ಬರುವಷ್ಟು ನಕ್ಕರು. ನಗುತ್ತಲೇ ಮುಖ ಎತ್ತಿ ಅವರನ್ನು ನೋಡಿದರು.

"ರೀ," ಎಂದರು. "ನೀವು ಯಾವಾಗ ಬಂದ್ರಿ?"

"ಈಗ ತಾನೇ," ಎಂದರು ಬೀಗದವರು.

"ಎಷ್ಟು ಹೊತ್ತು ಕಾಯಿಸ್ತೀರಿ ಮನುಷ್ಯರನ್ನ? ತಗೊಳ್ಳಿ." ಕಾರ್ಡನ್ನು ಎತ್ತಿ ಅವರ ಕಡೆಗೆ ಚಾಚಿದರು. "ನಿಮಗೇ ಅಂತ ಮಾಡಿದ್ದು. ಕಾಲು ಒಂದು ಕಮ್ಮಿ ಇದೆ, ಬೈಬೇಡಿ."

ಬೀಗದವರು ಎರಡು ಕೈ ಚಾಚಿ ತೆಗೆದುಕೊಂಡರು. ಶಾಯಿ ಇನ್ನೂ ಆರಿರಲಿಲ್ಲ, ಅವರ ಹೆಬ್ಬೆರಳಿಗೆ ಮೆತ್ತಿತು. ಅಕ್ಕ ನನ್ನ ಕಡೆ ತಿರುಗಿ, "ನೋಡಿದ್ಯಾ? ಕೊಡೋರೇ ಒತ್ತಿದ್ದು," ಎಂದರು. ಆ ಹೊತ್ತಿನಲ್ಲೂ ವಾದ ಗೆಲ್ಲಬೇಕು ಅವರಿಗೆ.

ನಾವು ಹೊರಡುವ ಹೊತ್ತಿಗೆ ಆ ತಾಯಿ ಮತ್ತೆ 'ಅಣ್ಣಾ' ಎನ್ನುತ್ತಿದ್ದರು. ಅಕ್ಕ ಹಕ್ಕಿಯ ಅಚ್ಚನ್ನೂ ಪ್ಯಾಡನ್ನೂ ಉಳಿದ ಕಾರ್ಡುಗಳನ್ನೂ ಅಲ್ಲೇ ಬಿಟ್ಟರು. ಅವರ ಡಬ್ಬಿಯಿಂದ ಒಂದು ಅಚ್ಚು ಮನೆ ಬಿಟ್ಟು ಹೋದದ್ದು ಅದೇ ಮೊದಲು. ಬೀಗದವರು ಅದರ ಹಿಡಿಗೆ ದಾರ ಕಟ್ಟಿ, ಬೀಗದ ಕೈಗಳ ನಡುವೆ ಒಂದು ಮೊಳೆಗೆ ನೇತುಹಾಕಿದರು.

ದಾರಿಯಲ್ಲಿ ಅಕ್ಕ ಒಂದು ಲೈಟು ಕಂಬದ ಹತ್ತಿರ ನಿಂತರು. ಮತ್ತೇನು ಕಳೆಗಿಡ ಸಿಕ್ಕಿತೋ ಎಂದುಕೊಂಡೆ. ನೋಡಿದರೆ ಅಳುತ್ತಿದ್ದಾರೆ. ಇಷ್ಟು ವರ್ಷದಲ್ಲಿ, ಕೆಲಸ ಹೋದ ದಿನವೂ, ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

"ಎಷ್ಟು ಹರಿದು ಹಾಕಿದೆ ಕಣೇ," ಎಂದರು. "ಸೊಟ್ಟಗಿದೆ, ಮಸುಕಾಗಿದೆ, ಇನ್ನೊಂದು ಸಲ ಒತ್ತಿ ಅಂತ. ಯಾರ್ಯಾರ ಮನೆಗೆ ಏನೇನು ಆಗಬೇಕಿತ್ತೋ ಅದು."

"ಸಾಕು ಸುಮ್ನಿರಿ ಅಕ್ಕ, ಎಲ್ಲರೂ ನೋಡ್ತಿದ್ದಾರೆ," ಎಂದೆ. ನಾನೂ ಅಳುತ್ತಿದ್ದೆ, ಅವರಿಗಿಂತ ಜೋರಾಗಿ.

ಮೇಜಿನ ಕೆಳಗಿನ ಆ ಬುಟ್ಟಿಯಲ್ಲಿ ಈಗ ಈರುಳ್ಳಿ ಇಟ್ಟುಕೊಂಡಿದ್ದೇನೆ. ಜನ ಬಂದು ಒತ್ತುತ್ತಾರೆ, ಹೂವಿಗೆ ಬಾಲ ಬರುತ್ತದೆ, ಛತ್ರಿ ಮುರಿಯುತ್ತದೆ. ಅಕ್ಕನ ಕೈ ಅಭ್ಯಾಸದಿಂದ ಒಮ್ಮೆ ಮುಂದೆ ಹೋಗುತ್ತದೆ, ಆಮೇಲೆ ಹಿಂದಕ್ಕೆ ಬರುತ್ತದೆ. "ಕೊಡಿ ಅವರಿಗೆ, ಹಾಗೇ ಕೊಡಿ," ಎನ್ನುತ್ತಾರೆ. ಒಳಗೊಳಗೆ ಹಲ್ಲು ಕಡಿಯುವುದು ನನಗೊಬ್ಬಳಿಗೇ ಕೇಳಿಸುತ್ತದೆ.

ನಾನು ಅಂಗಡಿಗೆ ಹೋಗುವುದು ಆ ಮೂರು ರಸ್ತೆಯ ಮೇಲೆಯೇ. ಬೀಗದವರು ಈಗ ಅಂಗಡಿ ತೆಗೆದ ಕೂಡಲೇ ಆ ತಾಯಿಯ ಕೈಯಲ್ಲಿ ಹೊಸದೊಂದು ಹಕ್ಕಿ ಒತ್ತಿಸುತ್ತಾರೆ. ದಿನಾ ಬೆಳಿಗ್ಗೆ ರಸ್ತೆಯ ಈಚೆಯಿಂದಲೇ, "ಇವತ್ತು ಎಷ್ಟು ಕಾಲು?" ಎಂದು ಕೂಗುತ್ತೇನೆ. ಬಸ್ಸಿಗೆ ಕಾಯುವವರು ನನಗೆ ಹುಚ್ಚು ಎಂದುಕೊಂಡಿದ್ದಾರೆ. ಕೆಲವು ದಿನ ಬೀಗದವರು ಎರಡು ಬೆರಳು ಎತ್ತಿ, ಸುಮ್ಮನೆ ತಲೆ ಆಡಿಸುತ್ತಾರೆ. ಆ ತಾಯಿಯ ಕೈಗೂ ಒಂದೊಂದು ದಿನ ಅಚ್ಚು ನೆಟ್ಟಗೆ ಬಂದುಬಿಡುತ್ತದೆ, ಏನು ಮಾಡುವುದು? "ಇನ್ನೊಂದು ಕಾಗದ ಕೊಡ್ರೀ! ಕಾಗದಕ್ಕೇನು ಬರ?" ಎಂದು ಕೂಗಿ, ಬಸ್ಸು ಬಂದರೂ ಹತ್ತದೆ ನಿಲ್ಲುತ್ತೇನೆ. ಅವರು ಒಳಗೆ ಬಗ್ಗುತ್ತಾರೆ. ಆಮೇಲೆ ನೆಟ್ಟಗೆ ನಿಂತು, ನನ್ನ ಕಡೆಗೆ ಒಂದು ಬೆರಳು ಎತ್ತುತ್ತಾರೆ.